ಲಂಡನ್ನಿಗೆ ಹೋದ ಮಲ್ಲಿಗೆ ದಂಡೆ

ತಂಗಿಯ ಸೀಮಂತಕ್ಕೆಂದು ಬೆಂಗಳೂರಿನಿಂದ ವಿಮಾನದಲ್ಲಿ ಲಂಡನ್ನಿಗೆ ಬಂದ ವನಜಾಕ್ಷಿ, ಕೈಗಡಿಯಾರವನ್ನೂ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆಯನ್ನೂ ಮೇಜಿನ ಮೇಲಿಟ್ಟು ಮಲಗಲು ಹೋದಳು.

“ಹನ್ನೆರಡಕ್ಕೆ ಹೊರಟಿರಿ, ಈಗ ಆರು. ಆರೇ ಗಂಟೆಯ ದಾರಿ,” ಎಂದಿತು ಮೇಜಿನ ಅಲಾರಂ ಗಡಿಯಾರ.

“ಈಗ ಹನ್ನೊಂದೂವರೆ. ದಾರಿಯೂ ಅಷ್ಟೇ ಗಂಟೆ,” ಎಂದಿತು ಇನ್ನೂ ಬೆಂಗಳೂರಿನ ಸಮಯವನ್ನೇ ತೋರಿಸುತ್ತಿದ್ದ ಕೈಗಡಿಯಾರ.

“ನಾನು ಬಾಡುತ್ತಿದ್ದೇನೆ,” ಎಂದಿತು ಮಲ್ಲಿಗೆ. “ಅಲಾರಂ ಹೊಡೆದು ಅವಳನ್ನು ಎಬ್ಬಿಸಿ. ಒಂದಿಷ್ಟು ನೀರು ಚಿಮುಕಿಸಲಿ.”

“ಇರು, ಮೊದಲು ಇದು ಇತ್ಯರ್ಥವಾಗಲಿ,” ಎಂದವು ಎರಡೂ.

ಲಂಡನ್ನಿನ ಗಡಿಯಾರ ಐದೂವರೆ ಗಂಟೆ ಹಿಂದೆ ಎಂಬುದು ಅವಕ್ಕೆ ಹೊಳೆಯುವಷ್ಟರಲ್ಲಿ ಬೆಳಗಾಗಿತ್ತು. ಅಲಾರಂ ಹೊಡೆಯಿತು. ವನಜಾಕ್ಷಿ ಎದ್ದು ಬಂದು ಎಲೆ ಬಿಚ್ಚಿದಳು. ಹೂವೆಲ್ಲ ಕಂದಿಹೋಗಿತ್ತು.

ಆಗ ಎರಡೂ ಗಡಿಯಾರಗಳು ಒಂದೇ ಮಾತು ಹೇಳಿದವು: “ಹೊತ್ತು ಮೀರಿತು.”