ಸೀಸದ ಚಿಕ್ಕತಾಯಿ

ಬಹಳ ಹಿಂದೆ, ಈಗಿನ ಟಾರು ರಸ್ತೆ ಬರೀ ಆನೆ ನಡೆದ ದಾರಿಯಾಗಿದ್ದ ಕಾಲದಲ್ಲಿ, ಹೊಳೆಯ ಆಚೆಗೆ ಕಾಡು, ಈಚೆಗೆ ಊರು ಅಂತ ಕಡಬೂರು ಅನ್ನೋ ಒಂದು ಊರಿತ್ತಂತೆ. ಆ ಊರಲ್ಲಿ ಚಿಕ್ಕತಾಯಿ ಅನ್ನೋ ಹೆಂಗಸಿದ್ದಳಂತೆ. ಆಚಾರಿಗಳ ಮನೆ ಸೊಸೆ. ಕೋವಿಗೆ ಗುಂಡು ಎರೆಯೋದು ಅವಳ ಕಸುಬು. ಸುತ್ತಲ ಹಳ್ಳಿಗಳ ಬೇಟೆಗಾರರೆಲ್ಲ ಅವಳನ್ನು ಸೀಸದ ಚಿಕ್ಕತಾಯಿ ಅಂತಲೇ ಕರೀತಿದ್ದರು.

ಗುಂಡು ಎರೆಯೋರು ಬೇರೆ ಊರಲ್ಲೂ ಇದ್ದರು. ಕೇಳಿದವರಿಗೆ ಕೇಳಿದಷ್ಟು ಕೊಟ್ಟು ಕಳಿಸೋರು. ಚಿಕ್ಕತಾಯಿ ಹಾಗೆ ಕೊಡೋಳಲ್ಲ. ಬಂದವನನ್ನು ಜಗಲಿ ಮೇಲೆ ಕೂರಿಸಿ, ಒಂದು ಚೆಂಬು ಮಜ್ಜಿಗೆ ಕೊಟ್ಟು, ಆಮೇಲೆ ಕೇಳೋಳಂತೆ. ಏನು ಹೊಡೆಯೋಕೆ ಹೊರಟಿದ್ದೀಯ, ಯಾವ ಕಣಿವೆಗೆ, ಎಷ್ಟು ಮಾರು ದೂರದಿಂದ, ಎದುರಿಂದಲೋ ಪಕ್ಕದಿಂದಲೋ. ಎಲ್ಲ ಕೇಳಿ, ಅವನ ಕೋವಿಯ ಬಾಯಿಗೆ ಬೆರಳಿಟ್ಟು ನೋಡಿ, ಒಳಗೆ ಹೋಗಿ ಗುಂಡು ಆರಿಸಿ ತರೋಳು. ಅವಳು ಆರಿಸಿದ ಗುಂಡು ತಪ್ಪಿದ್ದಿಲ್ಲ ಅಂತಾರೆ. ಅವಳು ಆರಿಸಿದ ಗುಂಡಿನಿಂದ ಪ್ರಾಣಿ ಎರಡು ಹೆಜ್ಜೆಗಿಂತ ಹೆಚ್ಚು ನರಳಿ ನಡೆದದ್ದಿಲ್ಲ ಅಂತಾರೆ.

ಅವಳು ಹೀಗಾದದ್ದಕ್ಕೂ ಒಂದು ಕಾರಣ ಇತ್ತು. ಅವಳ ಗಂಡ ರಾಚಾಚಾರಿ ಒಂದು ಸಲ ಜಿಂಕೆಗೆ ಅಂತ ಮೆದು ಸೀಸದ ಗುಂಡು ತುಂಬಿಕೊಂಡು ಹೋದ. ಬಿದಿರು ಮೆಳೆ ದಾಟುವಾಗ ಎದುರಿಗೆ ಬಂದದ್ದು ಕಾಟಿ, ಕಾಡುಕೋಣ. ಜೀವಭಯಕ್ಕೆ ಅದಕ್ಕೇ ಹೊಡೆದ. ಗುಂಡು ಹೆಗಲಿನ ಮೂಳೆಗೆ ಬಿತ್ತು. ಕಾಟಿ ಮಾತ್ರ ಬೀಳಲಿಲ್ಲ, ಅವನನ್ನೇ ತಿವಿದು ಕೊಂದಿತು. ಮೂರು ದಿನ ಕಳೆದ ಮೇಲೆ ಬೇರೆಯವರು ಅದನ್ನು ಹೊಡೆದು ಕೆಡವಿದಾಗ ಚಿಕ್ಕತಾಯಿ ತಾನೇ ಹೋಗಿ, ತೊಗಲು ಬಿಡಿಸಿ, ಗಂಡ ಹೊಡೆದ ಗುಂಡು ಹುಡುಕಿದಳು. ಅದು ಮೂಳೆ ಮೇಲೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತಂತೆ. ಒಳಗೆ ಒಂದು ಬೆರಳಿನಷ್ಟೂ ಹೋಗಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಸಂಜೆಯವರೆಗೂ ಅಲ್ಲೇ ಕೂತಿದ್ದಳಂತೆ.

ಅವತ್ತಿಂದ ಅವಳು ಗಂಡನ ಕುಲುಮೆಗೆ ತಾನೇ ಕೂತಳು. ಬರೀ ಸೀಸ ಮೆದು, ಮೈಯೊಳಗೆ ಹೋಗಿ ಅರಳುತ್ತೆ, ಜಿಂಕೆಗೆ ಹಂದಿಗೆ ಸರಿ. ಹುಲಿಗೆ ಅದರಲ್ಲಿ ಒಂದು ಚೂರು ತವರ ಬೆರೀಬೇಕು. ಕಾಟಿಗೆ ತವರ ಇನ್ನೂ ಹೆಚ್ಚು ಬೇಕು, ಮೂಳೆ ಸಿಕ್ಕರೂ ಚಪ್ಪಟೆಯಾಗದೆ ಒಳಗೆ ಹೋಗಬೇಕು. ಇದನ್ನೆಲ್ಲ ಅವಳು ಒಂದೊಂದಾಗಿ ಕಲಿತಳು. ಆರಿದ ಗುಂಡನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳೋಳು. ಹಲ್ಲಿಗೆ ಒತ್ತಿ ನೋಡೋಳು. ಹಲಗೆ ಮೇಲೆ ಉರುಳಿಸೋಳು, ಪಕ್ಕಕ್ಕೆ ವಾಲಿದರೆ ಒಳಗೆ ಗುಳ್ಳೆ ಇದೆ ಅಂತ ಮತ್ತೆ ಕರಗಿಸೋಳು. ಆನೆಗೆ ಮಾತ್ರ ಅವಳು ಗುಂಡು ಕೊಡುತ್ತಿರಲಿಲ್ಲ. ಯಾರು ಬಂದು ಕೇಳಿದರೂ ಇಲ್ಲ ಅನ್ನೋಳು.

ಒಂದು ವರ್ಷ ಹೊಳೆಯ ಕಡವಿಗೆ ಒಂದು ಸಲಗ ಬಂದು ನಿಂತಿತು. ಕಡವು ಅಂದರೆ ಊರಿನವರು ನೀರು ತರೋ ಜಾಗ, ಹೊಳೆ ದಾಟೋ ಜಾಗ. ಅಂಥಾ ಎತ್ತರದ ಆನೆಯನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲವಂತೆ. ಅದರ ಕೊಂಬು ನೀರಿಗೆ ತಾಗುತ್ತಿತ್ತು ಅಂತಾರೆ. ಅದು ಬಂದ ವಾರದೊಳಗೆ ನೀರಿಗೆ ಹೋದ ಇಬ್ಬರು ಹೆಂಗಸರನ್ನು ಕೊಂದಿತು. ಎತ್ತು ಮೇಯಿಸೋಕೆ ಹೋದ ಒಬ್ಬ ಮುದುಕನನ್ನು ಕೊಂದಿತು. ಊರಿನ ಜನ ಕೆಸರುಗುಂಡಿಯ ನೀರು ಸೋಸಿ ಕುಡಿಯೋ ಹಾಗಾಯಿತು.

ಊರಿನ ಹಿರಿಯರು ಚಿಕ್ಕತಾಯಿ ಜಗಲಿಗೆ ಬಂದರು. ಇದೊಂದು ಸಲ ಆನೆಗೆ ಗುಂಡು ಕೊಡು ತಾಯಿ ಅಂತ ಕೇಳಿದರು. ಅವಳು ಕೊಡ್ತೀನಿ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಮೊದಲು ನಾನು ನೋಡಬೇಕು ಅಂದಳಂತೆ.

ಕಾಡಿನ ಪೋಡಿನಲ್ಲಿ, ಅಂದರೆ ಸೋಲಿಗರ ಹಟ್ಟಿಯಲ್ಲಿ, ಕೇತೇಗೌಡ ಅನ್ನೋ ಮುದುಕ ಇದ್ದ. ಹೆಜ್ಜೆ ನೋಡಿ ಪ್ರಾಣಿಯ ವಯಸ್ಸು ಹೇಳೋನು. ಅವನು ಅವಳನ್ನು ಸುತ್ತು ದಾರಿಯಲ್ಲಿ ಕರಕೊಂಡು ಹೋಗಿ ಕಡವಿನ ಮೇಲಿನ ಬಂಡೆ ಹತ್ತಿಸಿದ. ಬೆಳಗಿಂದ ಬಿಸಿಲು ಏರೋವರೆಗೂ ಇಬ್ಬರೂ ಅಲ್ಲಿ ಬೋರಲು ಮಲಗಿ ನೋಡಿದರು. ಸಲಗ ಸೊಂಡಿಲಲ್ಲಿ ಕೆಸರು ಎತ್ತಿ ಎಡ ದವಡೆಗೆ ಮೆತ್ತಿಕೊಳ್ಳುತ್ತಿತ್ತು. ಕೆಸರು ಒಣಗಿ ಉದುರಿದರೆ ಮತ್ತೆ ಮೆತ್ತಿಕೊಳ್ಳುತ್ತಿತ್ತು. ನಡುನಡುವೆ ಮತ್ತಿಮರಕ್ಕೆ ಹಣೆ ಒತ್ತಿ ಸುಮ್ಮನೆ ನಿಲ್ಲುತ್ತಿತ್ತು. ಎಳೆ ಬಿದಿರು ಬಾಯಿಗಿಟ್ಟುಕೊಳ್ಳೋದು, ಅಗಿಯಲಾರದೆ ಉಗುಳೋದು. ಕೊಂಬಿನ ಬುಡ ಕುಂಬಳಕಾಯಿ ಗಾತ್ರ ಊದಿಕೊಂಡಿತ್ತು.

ಚಿಕ್ಕತಾಯಿಗೆ ಅಲ್ಲೇ ಗೊತ್ತಾಯಿತಂತೆ. ಅದು ಗುಂಡಿನ ಗಾಯ. ಮೆದು ಗುಂಡಾಗಿದ್ದರೆ ತೊಗಲಲ್ಲೇ ನಿಲ್ಲುತ್ತಿತ್ತು. ಅಷ್ಟು ಆಳ ಹೋಗಬೇಕಾದರೆ ಅದು ತವರ ಬೆರೆಸಿದ ಕಾಟಿ ಗುಂಡು. ಆ ಸೀಮೆಯಲ್ಲಿ ಅಂಥಾ ಗುಂಡು ಎರೆಯೋಳು ತಾನೊಬ್ಬಳೇ. 

ಮನೆಗೆ ಬಂದವಳು ಯಾರನ್ನೂ ಬೈಯಲಿಲ್ಲ. ಆ ವರ್ಷ ಕಾಟಿ ಗುಂಡು ಒಯ್ದವರೆಲ್ಲ ಬಂದು ಹೋಗಲಿ ಅಂತ ಹೇಳಿ ಕಳಿಸಿದಳು. ಒಬ್ಬೊಬ್ಬರೇ ಬಂದು, ಇಂಥಾ ಕಡೆ ಹೊಡೆದೆ, ಇಂಥಾ ಕಡೆ ಬಿತ್ತು ಅಂತ ಹೇಳಿ ಹೋದರು. ಕೊನೆಗೆ ಚೌಡನಾಯಕ ಬಂದ. ಹೆಸರಾದ ಬೇಟೆಗಾರ ಅವನು. ಜಗಲಿ ಹತ್ತಲಿಲ್ಲ. ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ. ಅಂಗಳದಲ್ಲೇ ತಲೆ ತಗ್ಗಿಸಿ ನಿಂತ.

"ಅವ್ವ, ನಿನ್ನ ಹತ್ರ ಕಾಟಿ ಅಂದಿದ್ದೆ. ಕಾಟಿ ಅಲ್ಲ. ಕೊಂಬಿನಾಸೆಗೆ ಸುಳ್ಳು ಹೇಳ್ಬುಟ್ಟೆ."

 ಚಿಕ್ಕತಾಯಿ ಎದ್ದು ಕುಲುಮೆಗೆ ಬೆಂಕಿ ಹಾಕಿದಳು. ಸಲಗ ಇನ್ನು ಉಳಿಯೋದಿಲ್ಲ, ಉಳಿದಷ್ಟು ದಿನ ಅದೂ ನರಳುತ್ತೆ, ಜನರೂ ಸಾಯ್ತಾರೆ. ಅದನ್ನು ನೋವಿನಿಂದ ಬಿಡಿಸೋದು ನಮ್ಮಿಬ್ಬರ ಮೇಲಿದೆ ಅಂತ ಅವನಿಗೆ ಹೇಳಿದಳಂತೆ. ಹತ್ತು ಗುಂಡು ಎರೆದಳು. ಒಂದು ಕಲ್ಲಿನ ಮೇಲೆ ಬಿದ್ದಾಗ ಸದ್ದು ಮಂಕಾಯಿತು. ಒಂದು ಹಲಗೆ ಮೇಲೆ ವಾಲಿತು. ಹೀಗೆ ಒಂಬತ್ತನ್ನೂ ಮತ್ತೆ ಕರಗಿಸಿದಳು. ಹತ್ತನೆಯದು ಕಲ್ಲಿಗೆ ಬಿದ್ದಾಗ ಗಂಟೆ ಹೊಡೆದ ಹಾಗಾಯಿತು, ಆ ನಾದ ಊರಿನ ಕೊನೇ ಮನೆಗೂ ಕೇಳಿಸಿತು ಅಂತಾರೆ. ಅದನ್ನು ಅವನ ಕೈಗಿಟ್ಟಳು.

"ಹನ್ನೆರಡು ಹೆಜ್ಜೆ ಹತ್ರಕ್ಕೆ ಹೋಗ್ಬೇಕು ನಾಯ್ಕ. ಕಣ್ಣಿಗೂ ಕಿವಿಗೂ ನಡುವೆ. ಗುಂಡು ನಂದು, ನಾನೂ ನಿನ್ನ ಪಕ್ಕ ನಿಲ್ತೀನಿ."

ಬೇಡ ಅಂತ ಊರೆಲ್ಲ ಹೇಳಿತು. ಅವಳು ಕೇಳಲಿಲ್ಲ. ನಡುಮಧ್ಯಾಹ್ನ, ಗಾಳಿ ಎದುರಿಂದ ಬೀಸುವ ಹೊತ್ತು ನೋಡಿ, ಮುಂದೆ ಕೇತೇಗೌಡ, ಹಿಂದೆ ಚೌಡನಾಯಕ, ಅವನ ಬಲಕ್ಕೆ ಚಿಕ್ಕತಾಯಿ ಹೋದರು. ಕಡವಿನ ಹತ್ತಿರ ಕೇತೇಗೌಡ ಕೈ ಎತ್ತಿ ನಿಂತ. ಅಲ್ಲಿಂದ ಮುಂದೆ ಇಬ್ಬರೇ ನಡೆದರು.

ಇಪ್ಪತ್ತು ಹೆಜ್ಜೆ ಇರುವಾಗ ಸಲಗ ತಿರುಗಿತು. ಕಿವಿ ಅಗಲಿಸಿತು. ಒಂದೇ ಉಸಿರಿಗೆ ನುಗ್ಗಿ ಬಂತು. ನೆಲ ಅದುರಿತು, ಮತ್ತಿಮರದ ಎಲೆ ಉದುರಿತು ಅಂತಾರೆ. ನಾಯಕ ಕೋವಿ ಹೆಗಲಿಗೆ ಏರಿಸಿದ. ಚಿಕ್ಕತಾಯಿ ಅವನ ಹೆಗಲ ಮೇಲೆ ಕೈಯಿಟ್ಟಳು, ಅಷ್ಟೇ. ಹನ್ನೆರಡು ಹೆಜ್ಜೆಗೆ ಸಲಗ ನಿಂತುಬಿಟ್ಟಿತು. ಯಾಕೆ ನಿಂತಿತೋ ಯಾರಿಗೂ ಗೊತ್ತಿಲ್ಲ. ಸೊಂಡಿಲು ಚಾಚಿ ಅವಳ ಸೆರಗಿನ ಗಾಳಿ ಹಿಡಿಯಿತು. ಸೀಸದ ವಾಸನೆ ಗುರುತಿಸಿತು ಅಂತ ಕೆಲವರು. ತನ್ನ ನೋವು ಗೊತ್ತಿರೋಳು ಬಂದಳು ಅಂತ ತಿಳೀತು ಅಂತ ಇನ್ನು ಕೆಲವರು. ಅಷ್ಟು ಹತ್ತಿರದಿಂದ ಅದರ ಕಣ್ಣು ನೋಡಿದಳಂತೆ ಚಿಕ್ಕತಾಯಿ. ಕಣ್ಣಿನ ಕೆಳಗೆ ನೀರು ಇಳಿದ ಗೆರೆ ಇತ್ತು. ಸಲಗ ನಿಧಾನವಾಗಿ ಮೈ ತಿರುಗಿಸಿತು. ಊದಿದ ದವಡೆಯ ಪಕ್ಕ ಇವರ ಕಡೆಗೆ ಬಂತು.

"ಈಗ," ಅಂದಳು.

ಒಂದೇ ಗುಂಡು. ಸಲಗ ನಾಲ್ಕೂ ಕಾಲು ಮಡಚಿ, ಕೂತುಕೊಂಡ ಹಾಗೆ ಕುಸಿಯಿತು. ಕೂಗಲಿಲ್ಲ.

ದವಡೆ ಸೀಳಿ ಹಳೇ ಗುಂಡು ತೆಗೆದವಳೂ ಚಿಕ್ಕತಾಯಿಯೇ. ಮೂಳೆಯೊಳಗೆ ಅದು ಎರೆದ ದಿನ ಇದ್ದ ಹಾಗೇ ಉರುಟಾಗಿತ್ತು, ಅವಳದೇ ಅಚ್ಚಿನ ಗೆರೆ ಇನ್ನೂ ಕಾಣುತ್ತಿತ್ತು. ಅವಳು ಆನೆಯ ಹಣೆ ಮೇಲೆ ಕೈಯಿಟ್ಟು ಅತ್ತಳಂತೆ. ಕೊಂಬು ಕೀಳೋಕೆ ಯಾರಿಗೂ ಮನಸ್ಸಾಗಲಿಲ್ಲ. ಊರೆಲ್ಲ ಸೇರಿ ಎರಡು ದಿನ ಗುಂಡಿ ತೋಡಿ, ಕೊಂಬಿನ ಸಮೇತ ಮಣ್ಣು ಮಾಡಿ, ಮೇಲೊಂದು ಕಲ್ಲು ನಿಲ್ಲಿಸಿದರು.

ಆಮೇಲೂ ಅವಳು ಗುಂಡು ಎರೆದಳು. ಆದರೆ ಜಗಲಿ ಮೇಲೆ ಕೊಡೋದು ಬಿಟ್ಟಳು. ಅವತ್ತು ನಾಯಕ ಹೇಳಿದ, ನಾನು ನಂಬಿದೆ, ಕೇಳಿಸಿಕೊಂಡ ಮೂರನೆಯವರು ಇರಲಿಲ್ಲ ಅನ್ನೋಳಂತೆ. ಇನ್ನು ಮೇಲೆ ಏನು ಹೊಡೆಯೋಕೆ ಎಲ್ಲಿಗೆ ಹೋಗ್ತೀರಿ ಅನ್ನೋದನ್ನು ಕಡವಿನ ಕಲ್ಲಿನ ಮುಂದೆ, ನೀರಿಗೆ ಬಂದವರೆಲ್ಲ ಕೇಳೋ ಹಾಗೆ ಹೇಳಿ, ಅಲ್ಲೇ ಗುಂಡು ಇಸಕೊಳ್ಳಿ ಅಂದಳಂತೆ. ಚೌಡನಾಯಕ ಮತ್ತೆ ಕೋವಿ ಹಿಡಿಯಲಿಲ್ಲ. ಸಾಯೋವರೆಗೂ ಆ ಕಲ್ಲಿನ ಹತ್ತಿರ ನೆಲ ಗುಡಿಸಿ, ನೀರು ಚಿಮುಕಿಸಿಕೊಂಡಿದ್ದ.

ಈಗ ಬೇಟೆ ನಿಂತು ಎಷ್ಟೋ ಕಾಲವಾಯಿತು. ಕೋವಿಗಳೂ ಹೋದವು, ಕುಲುಮೆಯ ಗುರುತೂ ಇಲ್ಲ. ಕಲ್ಲು ಮಾತ್ರ ಇದೆ. ಸೌದೆಗೆ, ಜೇನಿಗೆ, ನೆಲ್ಲಿಕಾಯಿಗೆ ಕಾಡಿಗೆ ಹೋಗೋರು ಇವತ್ತಿಗೂ ಅದರ ಮುಂದೆ ನಿಂತು, ಇಂಥಾ ಕಡೆಗೆ ಇಂಥದಕ್ಕೆ ಹೋಗ್ತಿದ್ದೀನಿ ತಾಯಿ ಅಂತ ಬಾಯಿಬಿಟ್ಟು ಹೇಳಿಯೇ ಹೊಳೆ ದಾಟುತ್ತಾರೆ. ಸೌದೆಗೆ ಅಂತ ಹೇಳಿ ಹೋದವನಿಗೆ ದಾರಿಯಲ್ಲಿ ಜೇನಿನ ಆಸೆ ಹುಟ್ಟಿದರೆ, ಅವನು ಅಷ್ಟು ದೂರವೂ ವಾಪಸು ನಡೆದು ಬಂದು, ಕಲ್ಲಿನ ಮುಂದೆ ಜೇನಿಗೆ ಅಂತ ಹೇಳಿ ಮತ್ತೆ ಹೋಗುತ್ತಾನೆ.