ಬಿಡದೆ ಹಿಡಿದ ಬ್ರೇಕು

"ಗುರುಗಳೇ, ಇನ್ನೆಷ್ಟು ಬಿಗಿಯಾಗಿ ಹಿಡಿಯಬೇಕು?" ಎಂದು ಮಹಾಲಿಂಗ ಕೇಳಿದ.

ಅವನು ಆಶ್ರಮಕ್ಕೆ ಬಂದದ್ದೇ ಕೋಪವನ್ನು ಗೆಲ್ಲಬೇಕೆಂದು. ಒಮ್ಮೆ ಸಿಟ್ಟಿನ ಭರದಲ್ಲಿ ಹೆತ್ತ ತಂದೆಯ ಮೇಲೆ ಕೈ ಎತ್ತಿದ್ದ. ಆಮೇಲೆ ಮನೆಯಲ್ಲಿ ಮುಖವೆತ್ತಿ ಓಡಾಡಲಾಗದೆ ಇಲ್ಲಿಗೆ ಬಂದಿದ್ದ. ಬಂದಂದಿನಿಂದ ಮನಸ್ಸಿಗೆ ಕಾವಲು ಕೂತಿದ್ದ. ಉಣ್ಣುವಾಗ, ನೀರು ಸೇದುವಾಗ, ಒಬ್ಬನೇ ಇರುವಾಗಲೂ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದ. ಆದರೂ ಆ ದಿನ ಬೆಳಿಗ್ಗೆ ಅಡುಗೆಯ ಮುದುಕ ಕೈತಪ್ಪಿ ಸಾರಿನ ಪಾತ್ರೆ ಬೀಳಿಸಿದಾಗ ಅವನ ಮೇಲೆ ಕೂಗಾಡಿಬಿಟ್ಟ. ಮುದುಕ ಗೋಡೆಗೆ ಒರಗಿ ನಡುಗಿದ. ಆ ನಡುಕವನ್ನು ನೋಡಿದ ಮೇಲೆ ಮಹಾಲಿಂಗನಿಗೆ ಅನ್ನ ಇಳಿದಿರಲಿಲ್ಲ.

"ಒಂದು ಗಳಿಗೆಯೂ ಸಡಿಲ ಬಿಟ್ಟಿಲ್ಲ. ಆದರೂ ಕೈಮೀರಿತು" ಎಂದ.

ಗುರುಗಳು ಅವನನ್ನು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದ. ಅವನಿಗೊಬ್ಬ ಅಣ್ಣನಿದ್ದ. ಅಣ್ಣನಿಗೆ ಗುಡ್ಡ ಹತ್ತಿಳಿಯುವ ಸೈಕಲ್ ಎಂದರೆ ಪ್ರಾಣ. ಕಲ್ಲುದಾರಿಯಲ್ಲಿ ಹಕ್ಕಿಯ ಹಾಗೆ ಇಳಿಯುತ್ತಿದ್ದ. ಆದರೆ ಬ್ರೇಕಿನ ಕಡೆ ಅವನ ಗಮನವಿರಲಿಲ್ಲ. ರಬ್ಬರು ಸವೆದು ಹೋಗಿದ್ದರೂ ನಾಳೆ ಬದಲಿಸಿದರಾಯಿತು ಎನ್ನುತ್ತಿದ್ದ. ಒಂದು ದಿನ ಮಳೆ ಬಂದು ನಿಂತ ಮೇಲೆ ಹೊರಟವನು ತಿರುವಿನಲ್ಲಿ ನಿಲ್ಲಿಸಲಾಗದೆ ಕಮರಿಗೆ ಬಿದ್ದು ತೀರಿಕೊಂಡ. ಹೆಂಡತಿಯನ್ನೂ, ಇನ್ನೂ ಮಾತು ಕಲಿಯುತ್ತಿದ್ದ ಮಗಳನ್ನೂ ಬಿಟ್ಟುಹೋದ.

ಮೇಷ್ಟ್ರು ಅತ್ತಿಗೆಯನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅದು ಆಗುವ ಮಾತಲ್ಲ ಎಂದು ಅವನಿಗೆ ಗೊತ್ತಿತ್ತು. ಅಣ್ಣನ ಮಗಳನ್ನು ತನ್ನ ಮಗಳಂತೆ ಸಾಕಿದ. ಮನಸ್ಸಿನಲ್ಲಿ ಮಾತ್ರ ಒಂದು ನಿಶ್ಚಯ ಮಾಡಿಕೊಂಡ. ಅಣ್ಣ ಮಾಡಿದ ತಪ್ಪನ್ನು ತಾನು ಮಾಡುವುದಿಲ್ಲ, ಈ ಹುಡುಗಿ ಮಾಡಲೂ ಬಿಡುವುದಿಲ್ಲ.

ಹುಡುಗಿ ಬೆಳೆದಳು. ಸೈಕಲ್ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುವಷ್ಟಾದಾಗ ತನಗೂ ಸೈಕಲ್ ಬೇಕೆಂದು ಹಟ ಹಿಡಿದಳು. ತಾಯಿ ಬಹಳ ಕಾಲ ಒಪ್ಪಲಿಲ್ಲ. ಕೊನೆಗೆ, ಮೈದುನ ಜೊತೆಗಿದ್ದರೆ ಮಾತ್ರ ಎಂದಳು. ಆ ಮಾತಿನ ಭಾರ ಮೇಷ್ಟ್ರ ಹೆಗಲಿಗೆ ಬಂತು.

ಅವನು ಪೇಟೆಗೆ ಹೋಗಿ ಸೈಕಲ್ ಅಂಗಡಿಯವನ ಮುಂದೆ ನಿಂತ. ಗಾಲಿಯ ಅಂಚನ್ನು ರಬ್ಬರಿನಿಂದ ಒತ್ತುವ ಹಳೆಯ ಬ್ರೇಕನ್ನು ನೋಡಲೂ ಒಪ್ಪಲಿಲ್ಲ. ಗಾಲಿಯ ನಡುವೆ ಉಕ್ಕಿನ ಬಿಲ್ಲೆಯಿದ್ದು, ಅದನ್ನು ಎರಡು ಕಡೆಯಿಂದ ಹಿಡಿಯುವ ಡಿಸ್ಕ್ ಬ್ರೇಕೇ ಬೇಕೆಂದ. ಅಂಗಡಿಯವನು ಅದರಲ್ಲಿ ಎರಡು ಬಗೆ ತೋರಿಸಿದ. ಒಂದು ತಂತಿಯಿಂದ ಎಳೆಯುವುದು, ಇನ್ನೊಂದು ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ಹಿಡಿಯುವುದು.

"ಯಾವುದು ಗಟ್ಟಿಯಾಗಿ ಹಿಡಿಯುತ್ತದೆ?" ಎಂದು ಮೇಷ್ಟ್ರು ಕೇಳಿದ.

"ಎಣ್ಣೆಯದು. ಒಂದು ಬೆರಳು ಸಾಕು. ದೊಡ್ಡ ಬಿಲ್ಲೆ ಹಾಕಿಸಿದರೆ ಹಿಡಿದಾಗ ಏರುವ ಬಿಸಿಯೂ ಬೇಗ ಆರುತ್ತದೆ."

"ಹಾಗಾದರೆ ಇರುವುದರಲ್ಲಿ ದೊಡ್ಡದನ್ನೇ ಹಾಕು. ನನ್ನದು, ಹುಡುಗಿಯದು, ಎರಡು ಸೈಕಲ್ಲಿಗೂ."

ಕೊಂಡದ್ದಷ್ಟೇ ಅಲ್ಲ, ಅದನ್ನು ನೋಡಿಕೊಂಡದ್ದೂ ಹಾಗೆಯೇ. ಬಿಲ್ಲೆಯನ್ನು ಬರಿಗೈಯಿಂದ ಮುಟ್ಟುತ್ತಿರಲಿಲ್ಲ, ಬೆರಳಿನ ಜಿಡ್ಡು ಹತ್ತಿದರೂ ಹಿಡಿತ ಕಡಿಮೆಯಾಗುತ್ತದೆಂದು. ಸರಪಳಿಗೆ ಎಣ್ಣೆ ಬಿಡುವಾಗ ಬಿಲ್ಲೆಗೆ ಬಟ್ಟೆ ಸುತ್ತುತ್ತಿದ್ದ. ಬಿಲ್ಲೆಯನ್ನು ಒತ್ತಿ ಹಿಡಿಯುವ ಪ್ಯಾಡುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಸ್ವಲ್ಪ ತೆಳ್ಳಗಾಗಿದ್ದರೂ ಹೊಸದು ಹಾಕುತ್ತಿದ್ದ. ಹೊಸದು ಹಾಕಿದ ಮೇಲೆ ಬಯಲಿನಲ್ಲಿ ಓಡಿಸಿ, ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಅವು ಬಿಲ್ಲೆಗೆ ಹೊಂದಿಕೊಂಡ ಮೇಲೆಯೇ ಬೆಟ್ಟಕ್ಕೆ ತರುತ್ತಿದ್ದ. ಕೊಳವೆಯಲ್ಲಿ ಗಾಳಿ ಸೇರಬಾರದೆಂದು ಹಳೆಯ ಎಣ್ಣೆ ತೆಗೆಸಿ ಹೊಸದು ತುಂಬಿಸುತ್ತಿದ್ದ. ಊರಿನವರು ಅವನನ್ನು ಕಂಡು ನಗುತ್ತಿದ್ದರು. ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇಳಿಜಾರಿನಲ್ಲಿ ಅವನದು ಒಂದೇ ಪದ್ಧತಿ. ಮೇಲೆ ಹೊರಡುವಾಗ ಹ್ಯಾಂಡಲ್ಲಿನ ಎರಡೂ ಬ್ರೇಕ್ ಲಿವರ್ ಹಿಡಿದರೆ ಕೆಳಗೆ ಬರುವ ತನಕ ಬಿಡುತ್ತಿರಲಿಲ್ಲ. ದಾರಿ ನೇರವಿದ್ದರೂ ಬಿಡುತ್ತಿರಲಿಲ್ಲ. ಮುಂದೆ ಹಳ್ಳದವರೆಗೆ ಎಲ್ಲ ಕಾಣುತ್ತಿದ್ದರೂ ಬಿಡುತ್ತಿರಲಿಲ್ಲ. ಕೈ ಮರಗಟ್ಟುತ್ತಿತ್ತು. ಆದರೂ ಬೆರಳು ಸ್ವಲ್ಪ ಸಡಿಲಿಸಿದರೆ ಸಾಕು, ಕಮರಿಯಿಂದ ಮೇಲೆತ್ತಿದ ಅಣ್ಣನ ಮುಖ ಕಣ್ಣೆದುರು ಬರುತ್ತಿತ್ತು. ಊರಿನ ಸುತ್ತಲಿನ ಇಳಿಜಾರುಗಳು ಚಿಕ್ಕವಾಗಿದ್ದವು. ಅಲ್ಲಿ ಇದರಿಂದ ಏನೂ ಕೆಡಲಿಲ್ಲ.

ಹುಡುಗಿಗೂ ಅದನ್ನೇ ಹೇಳಿಕೊಟ್ಟಿದ್ದ. ಅವಳು ಹೂಂ ಎನ್ನುತ್ತಿದ್ದಳು. ಆದರೆ ನೇರ ದಾರಿಯಲ್ಲಿ ಬಿಟ್ಟು, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಮತ್ತೆ ಬಿಟ್ಟು ಇಳಿಯುತ್ತಿದ್ದಳು. ಅದಕ್ಕಾಗಿ ಅವಳನ್ನು ಎಷ್ಟೋ ಸಲ ಗದರಿದ್ದ.

ಒಂದು ದಿನ ಹುಡುಗಿ, ಅಪ್ಪ ಇಳಿಯುತ್ತಿದ್ದ ದೊಡ್ಡ ದಾರಿಯಲ್ಲಿ ಒಮ್ಮೆ ಹೋಗಿಬರೋಣ ಎಂದಳು. ಬೆಟ್ಟದ ನೆತ್ತಿಯಿಂದ ಬುಡದವರೆಗೆ ಎಲ್ಲೂ ಸಮತಟ್ಟಿಲ್ಲದ ದಾರಿ ಅದು. ಬೇಡವೆಂದರೆ ಒಬ್ಬಳೇ ಹೋದಾಳೆಂದು ಮೇಷ್ಟ್ರು ಒಪ್ಪಿದ. ಹಿಂದಿನ ದಿನವೇ ಎರಡೂ ಸೈಕಲ್ಲಿನ ಬ್ರೇಕುಗಳನ್ನು ಬಿಚ್ಚಿ, ಒರೆಸಿ, ಜೋಡಿಸಿದ. ಒಂದು ದೋಷವೂ ಇರಲಿಲ್ಲ.

ಬೆಳಿಗ್ಗೆ ಹೊರಟರು. ಹುಡುಗಿ ಮುಂದೆ, ಅವನು ಹಿಂದೆ. ಅಣ್ಣ ಬಿದ್ದ ತಿರುವು ಬಂತು. ಹುಡುಗಿ ಇಳಿದು ಕೈಮುಗಿದಳು. ಅವನೂ ಮುಗಿದ. ಆ ತಿರುವನ್ನು ಇಬ್ಬರೂ ಕ್ಷೇಮವಾಗಿ ದಾಟಿದರು. ಅಷ್ಟಾದ ಮೇಲಾದರೂ ಅವನ ಹಿಡಿತ ಸಡಿಲವಾಗಬೇಕಿತ್ತು. ಆಗಲಿಲ್ಲ, ಇನ್ನೂ ಬಿಗಿಯಾಯಿತು.

ಅರ್ಧ ದಾರಿ ಕಳೆಯುವ ಹೊತ್ತಿಗೆ ಸುಟ್ಟ ವಾಸನೆ ಬಂತು. ಯಾರೋ ಕೆಳಗೆ ಕಸಕ್ಕೆ ಬೆಂಕಿ ಹಾಕಿರಬೇಕು ಎಂದುಕೊಂಡ. ಆಮೇಲೆ ಲಿವರ್ ಮೆತ್ತಗಾಯಿತು. ಇನ್ನಷ್ಟು ಒತ್ತಿದ. ಅದು ಇನ್ನಷ್ಟು ಮೆತ್ತಗಾಯಿತು. ಕೊನೆಗೆ ಹ್ಯಾಂಡಲ್ಲಿಗೆ ತಾಗುವ ತನಕ ಒತ್ತಿದರೂ ಏನೂ ಸಿಗಲಿಲ್ಲ. ಬರಿಯ ಗಾಳಿ ಹಿಂಡಿದಂತಾಯಿತು. ಅಷ್ಟು ವರ್ಷ ಬಿಡದೆ ಹಿಡಿದಿದ್ದ ಕೈಯಲ್ಲಿ ಈಗ ಹಿಡಿಯಲು ಏನೂ ಇರಲಿಲ್ಲ.

ಸೈಕಲ್ ಓಡತೊಡಗಿತು. ಮುಂದಿನ ತಿರುವಿನಲ್ಲಿ ಹುಡುಗಿ ಅವನಿಗಾಗಿ ಕಾಯುತ್ತ ನಿಂತಿದ್ದಳು. ಅವನು ಯಾವಾಗಲೂ ನಿಧಾನವಲ್ಲವೇ, ಬರಲಿ ಎಂದು ಬೆನ್ನು ತಿರುಗಿಸಿ ಕಣಿವೆ ನೋಡುತ್ತಿದ್ದಳು.

"ಆ ಕಡೆ ಸರಿದುಕೋ, ಸರಿದುಕೋ!" ಎಂದು ಮೇಷ್ಟ್ರು ಅರಚಿದ.

ಹುಡುಗಿ ತಿರುಗಿ ನೋಡಿ ಹಾರಿದಳು. ಪೂರ್ತಿ ಹಾರಲಾಗಲಿಲ್ಲ. ಅವನ ಸೈಕಲ್ ಅವಳಿಗೆ ಬಡಿದು, ಅವನನ್ನೂ ಎತ್ತಿ ಬೆಟ್ಟದ ಮಗ್ಗುಲಿನ ಮುಳ್ಳುಪೊದೆಗೆ ಎಸೆಯಿತು. ಪೊದೆಯಿಂದ ತೆವಳಿ ಬಂದು ನೋಡಿದರೆ ಹುಡುಗಿ ಕಮರಿಯ ಅಂಚಿನಲ್ಲಿ ಒಂದು ಬೇರನ್ನು ಹಿಡಿದು ಬಿದ್ದಿದ್ದಳು. ಇನ್ನೊಂದು ಕೈ ಮುರಿದು ಜೋತಾಡುತ್ತಿತ್ತು. ಅವನು ಅವಳನ್ನು ಎಳೆದುಕೊಂಡು ಎದೆಗೆ ಅಪ್ಪಿದ. ಅಣ್ಣ ಸತ್ತ ದಿನ ಬಾರದ ಅಳು ಅಂದು ಬಂತು.

ಆಸ್ಪತ್ರೆಯಿಂದ ಬಂದ ಮೇಲೆ ಸೈಕಲ್ಲನ್ನು ಅಂಗಳಕ್ಕೆ ತಂದು ಲಿವರ್ ಒತ್ತಿ ನೋಡಿದ. ಮೊದಲಿನ ಹಾಗೆಯೇ ಗಟ್ಟಿಯಾಗಿತ್ತು. ಒಂದು ಬೆರಳಿಗೆ ಗಾಲಿ ನಿಂತಿತು. ಬಿಲ್ಲೆ ಮಾತ್ರ ಕಾದ ಕಬ್ಬಿಣದಂತೆ ನೀಲಿ ತಿರುಗಿತ್ತು. ಅವನಿಗೆ ತಲೆ ಕೆಟ್ಟಂತಾಯಿತು. ಬಿಚ್ಚಿದ, ಮತ್ತೆ ಜೋಡಿಸಿದ, ಮತ್ತೆ ಬಿಚ್ಚಿದ.

ಕೈಗೆ ಪಟ್ಟಿ ಕಟ್ಟಿಕೊಂಡ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಾನು ಏನನ್ನು ನೋಡದೆ ಬಿಟ್ಟೆ, ಮಗಳೇ? ಯಾವುದನ್ನು ನೋಡಿಕೊಳ್ಳಲಿಲ್ಲ?" ಎಂದು ಅವನು ಕೇಳಿದ.

"ಎಲ್ಲ ನೋಡಿಕೊಂಡಿದ್ದೀರಿ, ಚಿಕ್ಕಪ್ಪ" ಎಂದಳು ಹುಡುಗಿ. "ಆದರೆ ನಿಮ್ಮ ಬ್ರೇಕಿನ ಸದ್ದು ಮೇಲಿನಿಂದ ನನಗೆ ಕೇಳುತ್ತಲೇ ಇತ್ತು. ಅಪ್ಪ ಬಿದ್ದ ತಿರುವು ದಾಟಿದ ಮೇಲೆ ಎಲ್ಲೂ ನಿಲ್ಲಲೇ ಇಲ್ಲ. ಬಿಲ್ಲೆ ಕಾದು ಎಣ್ಣೆ ಕುದಿಯಿತು, ಅದಕ್ಕೆ ಆರಲು ಹೊತ್ತೇ ಸಿಗಲಿಲ್ಲ."

ಮೇಷ್ಟ್ರು ತನ್ನ ಎರಡೂ ಕೈಗಳನ್ನು ನೋಡಿಕೊಂಡ. ತಾನು ಹೆದರಿದ್ದು ಬ್ರೇಕು ಸೋತೀತೆಂದು. ಸೋಲಿಸಿದ್ದು ಆ ಹೆದರಿಕೆಯೇ. ಅಣ್ಣ ಹಿಡಿಯಬೇಕಾದಲ್ಲಿ ಹಿಡಿಯಲಾಗದೆ ಬಿದ್ದ. ತಾನು ಹಿಡಿಯಬೇಕಿಲ್ಲದಲ್ಲೆಲ್ಲ ಹಿಡಿದು, ಹಿಡಿಯಬೇಕಾದಲ್ಲಿ ಬರಿಗೈಯಾದ.

ಹುಡುಗಿಯ ಕೈ ಕೂಡಿಕೊಂಡ ಮೇಲೆ ಅವಳೇ ಅವನಿಗೆ ಇಳಿಯುವುದನ್ನು ಕಲಿಸಿದಳು. ಮೊದಲ ಸಲ ನೇರ ದಾರಿಯಲ್ಲಿ ಲಿವರಿನಿಂದ ಅವನು ಒಂದೊಂದೇ ಬೆರಳು ತೆಗೆದ. ಗಾಲಿ ಸದ್ದಿಲ್ಲದೆ ಉರುಳಿತು. ತಿರುವು ಹತ್ತಿರವಾದಾಗ ಹಿಡಿದ. ಸೈಕಲ್ ನಿಂತಿತು.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು.

ಮಹಾಲಿಂಗನ ದವಡೆ ಇನ್ನೂ ಬಿಗಿದೇ ಇತ್ತು. ಅವನು ಕೇಳಿದ: "ಗುರುಗಳೇ, ಹಾಗಾದರೆ ನಾನು ಯಾವಾಗ ಬಿಡಬೇಕು?"

ಗುರುಗಳು ಹೇಳಿದರು: "ಈಗ ನಿನ್ನನ್ನು ಯಾರಾದರೂ ಕೆಣಕುತ್ತಿದ್ದಾರೆಯೇ?"

"ಇಲ್ಲ" ಎಂದ ಮಹಾಲಿಂಗ, ಕಚ್ಚಿಕೊಂಡಿದ್ದ ಹಲ್ಲು ಸಡಿಲಿಸಿದ.