ಬೆಳಕು ತೂರಿದ ಮೂಲೆ

ಶಿಷ್ಯ ಅಡಿವೆಯ್ಯ ಕೇಳಿದ: "ಗುರುಗಳೇ, ಓದಿನಲ್ಲಿ, ನೇಮದಲ್ಲಿ ನನಗೆ ಕೊರತೆಯಿಲ್ಲ. ಆದರೆ ಜೊತೆಯವರ ಮೇಲೆ ಪ್ರೀತಿಯೇ ಹುಟ್ಟುತ್ತಿಲ್ಲ. ಆ ಕೊರತೆಯನ್ನು ದಿನವೂ ತಿದ್ದುತ್ತೇನೆ. ತಿದ್ದಿದಷ್ಟೂ ಅದು ದೊಡ್ಡದಾಗುತ್ತಿದೆ. ನಾನು ಮಠ ಬಿಟ್ಟು ಹೋಗಲೇ?"

ಗುರುಗಳು ಹೇಳಿದರು: "ಹೋಗುವುದಿದ್ದರೆ ಹೋಗುವೆಯಂತೆ, ಬಾಗಿಲೇನೂ ಓಡಿಹೋಗುವುದಿಲ್ಲ. ಮೊದಲು ಕುಳಿತು ಈ ಕತೆ ಕೇಳು.

"ಒಬ್ಬ ಗೃಹಸ್ಥನಿದ್ದ. ಹಿತ್ತಿಲ ಕೋಣೆಯಲ್ಲಿ ಸಣ್ಣದೊಂದು ಲೇತ್ ಯಂತ್ರ, ಉಕ್ಕು ಉಜ್ಜುವ ನಾಲ್ಕಾರು ಅರ ಇಟ್ಟುಕೊಂಡಿದ್ದ. ಅವನ ಹೆಂಡತಿಗೆ ಒಂದು ಕಾಲಿನಲ್ಲಿ ಬಲವಿರಲಿಲ್ಲ. ಉಕ್ಕಿನ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದಳು. ಒಂದು ದಿನ ಮಂಡಿಯ ಬಳಿ ಪಟ್ಟಿಯನ್ನು ಕೂಡಿಸುವ ತುಂಡು ಮುರಿಯಿತು. ಅವಳು ಕುಳಿತಲ್ಲೇ ಆದಳು. ಅಂಥದ್ದು ಪೇಟೆಯಲ್ಲಿ ಸಿಗಲಿಲ್ಲ. ಮನೆಯಲ್ಲಿದ್ದ ಒಳ್ಳೆಯ ಉಕ್ಕು ಒಂದೇ ಚೂರು. ಅದನ್ನು ತುಸು ದೊಡ್ಡದಾಗಿಯೇ ಕತ್ತರಿಸಿಕೊಂಡು ತಾನೇ ಮಾಡಲು ಕುಳಿತ.

"ಆ ತುಂಡಿನ ಮೂಲೆ ಗುಂಡಗಿರಬೇಕು, ಪಟ್ಟಿಯ ಗೂಡಿನಲ್ಲಿ ಸರಿಯಾಗಿ ಕೂರಬೇಕು. ಅಲುಗಾಡಿದರೆ ಅವಳು ಬೀಳುತ್ತಾಳೆ. ಗುಂಡು ಮೂಲೆಯನ್ನು ಅಳೆಯಲು ತಗಡುಗಳಿವೆ. ಒಂದೊಂದರ ಅಂಚಿನಲ್ಲಿ ಒಂದೊಂದು ತ್ರಿಜ್ಯದ ಕಮಾನು ಕೊರೆದಿರುತ್ತದೆ. ಬೇಕಾದ ತಗಡನ್ನು ಮೂಲೆಗೆ ಆನಿಸಿ ಕಿಟಕಿಯತ್ತ ಎತ್ತಿ ಹಿಡಿಯಬೇಕು. ನಡುವೆ ಬೆಳಕು ತೂರದಿದ್ದರೆ ಅಳತೆ ಸರಿ.

"ಅವನು ಹಿಡಿದು ನೋಡಿದ. ಮೂಲೆಯ ತುದಿ ತಗಡಿಗೆ ತಾಗಿತ್ತು. ಎರಡೂ ಪಕ್ಕದಲ್ಲಿ ಬೆಳಕಿನ ಎಳೆ ಕಂಡಿತು. ತಪ್ಪು ಇಲ್ಲಿದೆ ಎಂದುಕೊಂಡು ಆ ಪಕ್ಕಗಳನ್ನೇ ಅರದಿಂದ ಉಜ್ಜಿದ. ಬೆಳಕು ಅಗಲವಾಯಿತು. ಹಟ ಬಂತು, ಇನ್ನಷ್ಟು ಉಜ್ಜಿದ. ಮೂಲೆ ಗಿಳಿಮೂಗಾಯಿತು. ಶ್ರದ್ಧೆಗೇನೂ ಕಡಿಮೆಯಿರಲಿಲ್ಲ, ಪಾಪ. ಕೊನೆಗೆ ಅರ ಎಸೆದು ತಲೆಯ ಮೇಲೆ ಕೈಹೊತ್ತು ಕುಳಿತ. 'ನನ್ನ ಕೈಲೆ ಆಗೂದಿಲ್ಲ. ನಿನ್ನ ಕುಂತಲ್ಲೇ ಕುಂಡ್ರಿಸಿಬಿಟ್ಟೆ' ಎಂದು ಅತ್ತುಬಿಟ್ಟ.

"ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದ ಹೆಂಡತಿ ಹೇಳಿದಳು: 'ಅಳಬ್ಯಾಡ್ರಿ. ರೊಟ್ಟಿ ನಡುವ ದಪ್ಪ ಉಳಿದ್ರ ನಾ ಅಂಚು ಬಡೀತೀನೇನ್ರಿ? ಬೆಳಕು ಬರೋ ಕಡೆ ಮದಲ ಉಕ್ಕು ಕಡಿಮಿ ಐತಿ. ಅಲ್ಲೇ ಉಜ್ಜಿದ್ರ ತುಂಬತೈತೇನು? ತಾಗಾಕತ್ತಿದ್ದನ್ನ ಇಳಿಸ್ರಿ.'

"ಅವನು ಮತ್ತೆ ಬೆಳಕಿನ ತಂಟೆಗೆ ಹೋಗಲಿಲ್ಲ. ತಾಗುತ್ತಿದ್ದ ತುದಿಯನ್ನೇ ಸವರುತ್ತ ಬಂದ. ಪಕ್ಕಕ್ಕೆ ಒಂದು ಕಾಳಿನಷ್ಟೂ ಉಕ್ಕು ಸೇರಿಸಲಿಲ್ಲ. ಆದರೂ ಬೆಳಕಿನ ಎಳೆ ಸಣ್ಣದಾಗುತ್ತ ಹೋಗಿ ಇಲ್ಲವಾಯಿತು. ತುಂಡು ಗೂಡಿನಲ್ಲಿ ಕೂತಿತು. ಹೆಂಡತಿ ಎದ್ದು ಒಲೆಯ ತನಕ ನಡೆದು ಹೋದಳು. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿ ಅವನಿಗೆ ಎಷ್ಟು ಸಂತೋಷವಾಯಿತೆಂದು ನಾನು ಹೇಳಬೇಕಾಗಿಲ್ಲ."

ಅಡಿವೆಯ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ! ಈ ಕತೆಯ ಒಳಗುಟ್ಟು ನಮ್ಮ ಮಠದ ಹುಡುಗರಲ್ಲಿ ನನ್ನೊಬ್ಬನಿಗೇ ಹೊಳೆಯುವಂಥದ್ದು. ಉಳಿದವರ ತಲೆಗೆ ಇದು ಹತ್ತುವುದಿಲ್ಲ."

ಗುರುಗಳು ನಗುತ್ತ ಅವನ ಬೆನ್ನು ತಟ್ಟಿದರು.

"ಅಗೋ, ಅಲ್ಲೇ ತಾಗುತ್ತಿದೆ ಮಗಾ, ಅರ ಅಲ್ಲಿಗೆ ಹಾಕು."